ಹೊಳ್ಳಿ ಬರುವುದು: ಮಾನಸಾಂತರದ ಪಾಠಕ್ಕೊಂದು ಟಿಪ್ಪಣಿ

ಕಳೆದ ಭಾನುವಾರ ಸಂಜೆಯ ಬೈಬಲ್ ಓದಿಗೆ ಬಾರದವರಿಗೂ ಬಂದು ತೂಕಡಿಸಿದವರಿಗೂ ಇದನ್ನು ಬರೆದಿಟ್ಟಿದ್ದೇನೆ. ನಾನೂ ನಿಮ್ಮ ಹಾಗೆ ಕಲಿಯುವವನೇ, ತಪ್ಪಿದ್ದರೆ ತಿದ್ದಿರಿ.

ಊರಲ್ಲಿ ಕಿವಿಗೆ ಬೀಳುವ ಮಾತು ಮತಾಂತರ, ನಮ್ಮ ಬೈಬಲಿನ ಮಾತು ಮಾನಸಾಂತರ, ಅಂದರೆ ಮನಸ್ಸು ತಿರುಗುವುದು. ಎರಡೂ ಒಂದೇ ಎಂದುಕೊಂಡವರು ಸಭೆಯೊಳಗೂ ಇದ್ದಾರೆ. ಮೊದಲನೆಯದು ಹೆಸರಿನಲ್ಲಿ, ಹಬ್ಬದಲ್ಲಿ, ಶಾಲೆಯ ದಾಖಲೆಯಲ್ಲಿ ಕಾಣುತ್ತದೆ. ನೇಕಾರರ ಊರಾದ ನಮ್ಮ ಗುಳೇದಗುಡ್ಡಕ್ಕೆ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಬಂದದ್ದು 1851ರಲ್ಲಿ. ನಮ್ಮಲ್ಲಿ ಕೆಲವರ ಮನೆಯಲ್ಲಿ ಆ ಕೆಲಸ ಮುತ್ತಜ್ಜನ ಕಾಲಕ್ಕೇ ಮುಗಿದಿದೆ. ಎರಡನೆಯದು ಮಾತ್ರ ಮುತ್ತಜ್ಜನ ಲೆಕ್ಕದಲ್ಲಿ ಮೊಮ್ಮಗನಿಗೆ ಜಮಾ ಆಗುವುದಿಲ್ಲ.

ಇದಕ್ಕೆ ಸಾಕ್ಷಿ ಯೋಹಾನ 3ರ ನಿಕೊದೇಮ. ಅವನು ಫರಿಸಾಯ (ಧರ್ಮಶಾಸ್ತ್ರವನ್ನು ಚಾಚೂ ತಪ್ಪದೆ ಪಾಲಿಸುವ ಯೆಹೂದ್ಯ ಪಂಗಡದವನು), ಹಿರಿಯ, ಇಸ್ರಾಯೇಲರಿಗೇ ಪಾಠ ಹೇಳುವವನು. ಧರ್ಮ ಬಿಟ್ಟವನಲ್ಲ, ಧರ್ಮದಲ್ಲೇ ಮುಳುಗಿದವನು. 'ಹುಟ್ಟಬೇಕು' ಎಂದು ಯೇಸು ಹೇಳಿದ್ದು ಅಂಥವನಿಗೆ! ಅಲ್ಲಿ 'ಹುಟ್ಟಬೇಕು' ಎಂಬುದರ ಜೊತೆಗಿರುವ ಗ್ರೀಕ್ ಪದ 'ಅನೋಥೆನ್'. ಅದಕ್ಕೆ 'ಮತ್ತೆ' ಎಂಬ ಅರ್ಥವೂ ಇದೆ, 'ಮೇಲಿನಿಂದ' ಎಂಬ ಅರ್ಥವೂ ಇದೆ. ನಿಕೊದೇಮ ಮೊದಲನೆಯದನ್ನಷ್ಟೇ ಹಿಡಿದು, ಮುದುಕನಾದವನು ತಾಯಿಯ ಹೊಟ್ಟೆಗೆ ಹೇಗೆ ಹೋದಾನು ಎಂದು ಕೇಳಿದ.

ಇನ್ನು ಪದಗಳ ವಿಚಾರ. ಇದು ನನಗೆ ಬಹಳ ಹಿಡಿಸಿದ ಭಾಗ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ಹಳೇ ಒಡಂಬಡಿಕೆಯಲ್ಲಿ ಸಾವಿರಕ್ಕೂ ಹೆಚ್ಚು ಸಲ ಬರುವ ಹೀಬ್ರೂ ಪದ 'ಶೂವ್'. ಅರ್ಥ ತಿರುಗು, ಹಿಂದಿರುಗು. ಇನ್ನೊಂದು ಕ್ರಿಯಾಪದದ ಜೊತೆ ಬಂದಾಗ ಅದೇ ಪದಕ್ಕೆ 'ಮತ್ತೆ' ಎಂಬ ಅರ್ಥ. ಪುಸ್ತಕದ ಕನ್ನಡದ 'ಮರಳಿ' ಈ ಎರಡೂ ಅರ್ಥ ಕೊಡುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಅದು ಹೊಳ್ಳಿ. 'ಹೊಳ್ಳಿ ಬಾ' ಅಂದರೆ ತಿರುಗಿ ಬಾ, 'ಹೊಳ್ಳಿ ಹೇಳು' ಅಂದರೆ ಮತ್ತೆ ಹೇಳು. ಪ್ರವಾದಿಗಳು ಇಸ್ರಾಯೇಲರಿಗೆ ಕೂಗಿ ಹೇಳಿದ್ದೂ 'ಹೊಳ್ಳಿ ಬರ್ರಿ' ಅಂತಲೇ.

ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಮೂರು ಪದಗಳನ್ನು ಗುರುತಿಸಿಕೊಳ್ಳಿ. 'ಮೆಟನೋಯ' ಎಂದರೆ ಮನಸ್ಸು ಬದಲಾಗುವುದು, 'ಎಪಿಸ್ಟ್ರೆಫೋ' ಎಂದರೆ ಹೊಳ್ಳುವುದು, 'ಮೆಟಮೆಲೊಮೈ' ಎಂದರೆ ಮಾಡಿದ್ದಕ್ಕೆ ಮರುಗುವುದು. ಮತ್ತಾಯ 27:3ರಲ್ಲಿ, ದುಡ್ಡಿಗಾಗಿ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನಿಗೆ ಬಳಸಿದ್ದು ಮೂರನೆಯದನ್ನು. ಪಶ್ಚಾತ್ತಾಪವನ್ನು ಬಿಡಿಸಿದರೆ ಪಶ್ಚಾತ್ ತಾಪ, ಅಂದರೆ ಆಮೇಲಿನ ಬೇಗೆ. ಅದು ಯೂದನಿಗೆ ಧಾರಾಳವಾಗಿತ್ತು. ಪಾಪ ಮಾಡಿದೆನೆಂದು ಬಾಯಿಬಿಟ್ಟು ಹೇಳಿದ, ಮೂವತ್ತು ಬೆಳ್ಳಿ ನಾಣ್ಯವನ್ನೂ ವಾಪಸು ಕೊಟ್ಟ. ತೆಗೆದುಕೊಂಡ ದುಡ್ಡು ಹಿಂದೆ ಕೊಡುವವರು ನಮ್ಮಲ್ಲಿ ಎಷ್ಟು ಜನ? ಆದರೆ ಅವನು ಹೋದದ್ದು ಯಾಜಕರ ಹತ್ತಿರ. ಅದನ್ನು ಕಟ್ಟಿಕೊಂಡು ನಮಗೇನು ಎಂದು ಅವರು ಕೈ ಒದರಿದರು. ಇನ್ನೊಬ್ಬ ಶಿಷ್ಯ ಪೇತ್ರನೂ ಯೇಸು ಸೆರೆಸಿಕ್ಕ ರಾತ್ರಿಯೇ ಮೂರು ಸಲ ಅವನನ್ನು ಅರಿಯೆನೆಂದವನು. ಅವನಿಗಾದರೋ ಯೇಸು ಮೊದಲೇ ಹೇಳಿಟ್ಟಿದ್ದ: ನೀನು ಹೊಳ್ಳಿದ ಮೇಲೆ ನಿನ್ನ ಸಹೋದರರನ್ನು ಗಟ್ಟಿ ಮಾಡು. ಲೂಕ 22:32ರಲ್ಲಿರುವುದು ಎಪಿಸ್ಟ್ರೆಫೋ. ಬೇಗೆ ಇಬ್ಬರಿಗೂ ಇತ್ತು, ಮುಖ ಮಾಡಿದ ದಿಕ್ಕು ಬೇರೆ. ಇದರ ಜೊತೆಗೆ 2 ಕೊರಿಂಥ 7:10 ಓದಿ.

ಹಾಗಾದರೆ ನಂಬಿಕೆ ಏನು ಮಾಡುತ್ತದೆ? ಎಫೆಸ 2:8ರ ಪ್ರಕಾರ ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ. ಈ 'ಇಂದ' ಮತ್ತು 'ಮೂಲಕ' ನನಗೆ ತಿಳಿದದ್ದು ಇಳಕಲ್ಲಿನಲ್ಲಿ, ಅಕ್ಕನ ಮನೆಯ ಪಕ್ಕದ ಮಗ್ಗದ ಮುಂದೆ. ಇಳಕಲ್ ಸೀರೆಯ ಮೈಯ ಹಾಸು (ಮಗ್ಗದ ಉದ್ದಕ್ಕೆ ಎಳೆದ ನೂಲು) ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಒಂದು ಎಳೆಯ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ತೂರಿಸಿ ಎರಡನ್ನೂ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ನೇಕಾರ ಕಾಕಾ ಕಣ್ಣು ಕಿರಿದು ಮಾಡಿಕೊಂಡು ಎಳೆ ಎಳೆಯಾಗಿ ಕೂಡಿಸುತ್ತಿದ್ದರು. ಕೊಂಡಿ ಗಟ್ಟಿ ಇರ್ತದೇನ್ರಿ ಎಂದು ಕೇಳಿದೆ. 'ಕೊಂಡಿದೇನು ಗಟ್ಟಿ ತಮ್ಮಾ, ರೇಷ್ಮಿದು ಗಟ್ಟಿ' ಎಂದರು. ನಂಬಿಕೆಯೂ ಅಷ್ಟೇ ಎಂದು ನನಗನ್ನಿಸಿತು. ನನ್ನ ನಂಬಿಕೆ ದೊಡ್ಡದೋ ಸಣ್ಣದೋ ಎಂದು ಅಳೆಯುತ್ತ ಕೂತರೆ ನಾವು ನೋಡುತ್ತಿರುವುದು ಕೊಂಡಿಯನ್ನು, ಅದು ಹಿಡಿದಿರುವ ಕ್ರಿಸ್ತನನ್ನಲ್ಲ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಬೇಡಿ, ಹರಿದೀತು.

ಓದಿನ ನಡುವೆ ಒಬ್ಬರು ಕೇಳಿದರು: ತಿರುಗಿಕೊಂಡ ತಾರೀಖು ಹೇಳಲಾಗದಿದ್ದರೆ ಅದು ನಿಜವಲ್ಲವೋ? ತಾವು ನಂಬಿದ ಬಗೆಯನ್ನು ಸಭೆಯಲ್ಲಿ ಸಾಕ್ಷಿಯಾಗಿ ಹೇಳುವಾಗ ತಾರೀಖು, ಗಂಟೆ ಸಮೇತ ಹೇಳುವ ರೂಢಿ ನಮ್ಮಲ್ಲಿದೆ, ಅದಕ್ಕೇ ಈ ಅಳುಕು. ಅಪೊಸ್ತಲರ ಕೃತ್ಯಗಳು 16 ತೆಗೆಯಿರಿ. ಒಂದೇ ಊರು ಫಿಲಿಪ್ಪಿ, ಒಂದೇ ಅಧ್ಯಾಯ. ಲುದ್ಯ ನಮ್ಮೂರಿಗೆ ಹೊಂದುವ ಹೆಂಗಸು, ಬೆಲೆಬಾಳುವ ಬಣ್ಣದ ಬಟ್ಟೆಯ ವ್ಯಾಪಾರಸ್ಥೆ. ನದೀದಂಡೆಯಲ್ಲಿ ಕೂತು ಅಪೊಸ್ತಲ ಪೌಲನ ಮಾತು ಕೇಳುತ್ತಿದ್ದಾಗ ಕರ್ತನು ಅವಳ ಹೃದಯ ತೆರೆದ, ಅಷ್ಟೇ, ಸದ್ದಿಲ್ಲ. ಸೆರೆಮನೆಯ ಯಜಮಾನನಿಗಾದರೆ ಭೂಕಂಪವೇ ಬೇಕಾಯಿತು. ಕತ್ತಿ ಹಿರಿದು ಸಾಯಲು ಹೊರಟವನು ಅದೇ ರಾತ್ರಿ ಕೈದಿಗಳಾಗಿದ್ದ ಪೌಲ, ಸೀಲರ ಗಾಯ ತೊಳೆದು, ದೀಕ್ಷಾಸ್ನಾನ ಪಡೆದು, ಅವರಿಗೆ ಊಟ ಬಡಿಸಿದ. ನಿಕೊದೇಮನ ತಾರೀಖಂತೂ ಎಲ್ಲೂ ಇಲ್ಲ. 3ನೇ ಅಧ್ಯಾಯದಲ್ಲಿ ಕತ್ತಲಲ್ಲಿ ಬಂದ, 7ರಲ್ಲಿ ಅಳುಕುತ್ತ ಒಂದು ಮಾತಾಡಿದ, 19ರಲ್ಲಿ ಶಿಲುಬೆಯಿಂದ ಇಳಿಸಿದ ದೇಹಕ್ಕೆ 30 ಕಿಲೋಗೂ ಮೇಲಿನ ಸುಗಂಧದ್ರವ್ಯ ತಂದ. ಅಷ್ಟು ಭಾರ ಹೊತ್ತು ತರುವಾಗ ಯಾರ ಕಣ್ಣಿಗೂ ಬೀಳದಿರಲು ಆಗುತ್ತದೆಯೇ?

ಮುಂದಿನ ಭಾನುವಾರಕ್ಕೆ ಯೋನ 3. ಅಲ್ಲಿ 8ರಿಂದ 10ನೇ ವಚನದೊಳಗೆ ಶೂವ್ ನಾಲ್ಕು ಸಲ ಬರುತ್ತದೆ. ಹೊಳ್ಳುವವರು ನಿನೆವೆ ಪಟ್ಟಣದವರು ಮಾತ್ರವಲ್ಲ. ಇನ್ನಾರು ಎಂದು ಪೆನ್ಸಿಲಿನಿಂದ ಗುರುತು ಹಾಕಿಕೊಂಡು ಬನ್ನಿ.