ಸಿಲಿಕೋನ್‌ಗೆ ಏನೂ ಅಂಟಲ್ಲ ಅಂದ ಮೇಲೆ ರಿಲೀಸ್ ಏಜೆಂಟ್ ಯಾಕೆ?

ಪ್ರಶ್ನೆ: ಸಿಲಿಕೋನ್ ಯಾವುದಕ್ಕೂ ಅಂಟುವುದಿಲ್ಲ ಎನ್ನುತ್ತಾರೆ. ಹಾಗಿದ್ದರೂ ಅಚ್ಚು ಮಾಡುವಾಗ ರಿಲೀಸ್ ಏಜೆಂಟ್ (ಎರಡು ಮೈಗಳು ಅಂಟದೆ ಸಲೀಸಾಗಿ ಬಿಡುವಂತೆ ನಡುವೆ ಹಚ್ಚುವ ಲೇಪ) ಹಚ್ಚಲೇಬೇಕೆ?

ಉತ್ತರ: ಯಾವುದಕ್ಕೂ ಅಂಟದ ಸಿಲಿಕೋನ್ ಇನ್ನೊಂದು ಸಿಲಿಕೋನ್ ಸಿಕ್ಕರೆ ಬಿಡಿಸಲಾಗದಂತೆ ಅಂಟಿಕೊಳ್ಳುತ್ತದೆ. ನಿಮ್ಮ ಪ್ರಶ್ನೆಗೆ ಮುಕ್ಕಾಲು ಪಾಲು ಉತ್ತರ ಇದರಲ್ಲೇ ಇದೆ.

ಒಂದೇ ಭಾಗದ ಅಚ್ಚಾದರೆ, ಅಚ್ಚು ತೆಗೆಯಬೇಕಾದ ಮೂಲ ವಸ್ತು ನುಣುಪಾದ ಪ್ಲಾಸ್ಟಿಕ್ಕೋ ಲೋಹವೋ ಆಗಿದ್ದರೆ, ಸಾಮಾನ್ಯವಾಗಿ ಏನನ್ನೂ ಹಚ್ಚಬೇಕಿಲ್ಲ. ಗಾಜು ಮತ್ತು ಹೊಳಪಿನ ಪಿಂಗಾಣಿಯನ್ನು ಮಾತ್ರ ನಂಬಬೇಡಿ. ಅವುಗಳ ಮೈಯಲ್ಲಿರುವ ಸಿಲಿಕಾ ಸಿಲಿಕೋನ್‌ಗೆ ದೂರದ ನೆಂಟ, ಕೆಲವೊಮ್ಮೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ನಿಜವಾದ ಅಪಾಯ ಇರುವುದು ಎರಡು ಭಾಗದ ಅಚ್ಚಿನಲ್ಲಿ. ಗಟ್ಟಿಯಾದ ಮೊದಲ ಭಾಗದ ಮೇಲೆ ಎರಡನೆಯದನ್ನು ಸುರಿಯುವಾಗ ನಡುವೆ ತಡೆಪದರ ಇರಲೇಬೇಕು. ನನ್ನ ಮೊದಲ ಪ್ರಯತ್ನದಲ್ಲಿ ಅಂಚಿಗೆಲ್ಲ ಪೆಟ್ರೋಲಿಯಂ ಜೆಲ್ಲಿ ಸವರಿದ್ದೆ. ಎರಡೂ ಭಾಗ ಸರಿಯಾಗಿ ಕೂರಲೆಂದು ಮಾಡಿದ್ದ ನಾಲ್ಕು ಗುಂಡನೆಯ ಕುಳಿಗಳೊಳಗೆ ಕುಂಚ ಆಡಿಸಲು ಮರೆತಿದ್ದೆ. ಮರುದಿನ ಬಿಡಿಸಲು ಹೋದರೆ ಅಂಚು ಸಲೀಸಾಗಿ ತೆರೆದುಕೊಂಡಿತು, ಆ ನಾಲ್ಕು ಕಡೆ ಮಾತ್ರ ಗುಂಡಿ ಹಾಕಿದ ಅಂಗಿಯಂತೆ ಹಿಡಿದು ನಿಂತಿತು. ಕೊನೆಗೆ ಬ್ಲೇಡಿನಿಂದ ಕತ್ತರಿಸಿದೆ. ಕುಳಿಗಳೂ ಹೋದವು, ಅಚ್ಚೂ ಹೋಯಿತು.

ಜೆಲ್ಲಿಯನ್ನು ದಪ್ಪ ಬಳಿಯುವುದೂ ತಪ್ಪೇ. ಬೆರಳಚ್ಚಿನ ಗೆರೆಯನ್ನೂ ಬಿಡದೆ ನಕಲು ಮಾಡುವ ವಸ್ತು ಸಿಲಿಕೋನ್, ಕುಂಚದ ಗೀರುಗಳನ್ನು ಬಿಟ್ಟೀತೆ? ಜೆಲ್ಲಿಯ ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ಸ್ವಲ್ಪ ಕರಗಿಸಿ, ಮೃದು ಕುಂಚದಿಂದ ತೆಳ್ಳಗೆ ಎಳೆಯಿರಿ. ಸ್ಪ್ರೇ ಆದರೆ ಸಿಲಿಕೋನ್ ಮೇಲೆ ಸಿಲಿಕೋನ್ ಸುರಿಯಲೆಂದೇ ಮಾಡಿದ್ದನ್ನು ಕೊಳ್ಳಿ. ಒಂದು ಸಲ ಹಗುರವಾಗಿ ಸಿಂಪಡಿಸಿ, ಒಣ ಕುಂಚದಿಂದ ಮೂಲೆಮೂಲೆಗೂ ಹರಡಿ, ಮತ್ತೊಮ್ಮೆ ಸಿಂಪಡಿಸಿ ಒಣಗಲು ಬಿಡಿ.

ಮರ, ಪ್ಲಾಸ್ಟರ್, ಕಾಂಕ್ರೀಟಿನ ಮೂಲಗಳ ಕಥೆಯೇ ಬೇರೆ. ಅಲ್ಲಿ ಸಿಲಿಕೋನ್ ಅಂಟುವುದಲ್ಲ, ಸಣ್ಣ ರಂಧ್ರಗಳೊಳಗೆ ಇಳಿದು ಬೇರು ಬಿಡುತ್ತದೆ. ಮೊದಲು ಅರಗಿನ ವಾರ್ನಿಷ್ ಅಥವಾ ಅಕ್ರಿಲಿಕ್ ಲ್ಯಾಕರ್‌ನಿಂದ ರಂಧ್ರ ಮುಚ್ಚಿ, ಆಮೇಲೆ ರಿಲೀಸ್. ಈ ಕ್ರಮ ತಲೆಕೆಳಗಾದರೆ ಲ್ಯಾಕರ್ ನಿಲ್ಲುವುದಿಲ್ಲ.

ಇನ್ನೊಂದು ಗೊಂದಲ. ಅಚ್ಚಿನ ಒಳಮೈ ಗಟ್ಟಿಯಾಗದೆ ಲೋಳೆಯಂತೆ ಉಳಿದರೆ "ರಿಲೀಸ್ ಕಡಿಮೆಯಾಯಿತು" ಎಂದುಕೊಳ್ಳುವವರು ಬಹಳ. ಅದು ಅಂಟಿದ್ದಲ್ಲ, ಪ್ಲಾಟಿನಂ ಸಿಲಿಕೋನಿನ (ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ಬಗೆ) ರಸಾಯನ ಕ್ರಿಯೆಯೇ ಕೆಟ್ಟದ್ದು. ಗಂಧಕವಿರುವ ಶಿಲ್ಪಿಗಳ ಜೇಡಿ, ಲೇಟೆಕ್ಸ್ ಕೈಗವಸು, ಪೂರ್ತಿ ಗಟ್ಟಿಯಾಗದ ರೆಸಿನ್ ತ್ರೀಡಿ ಪ್ರಿಂಟ್ — ಇವೇ ಮಾಮೂಲಿ ಕಾರಣಗಳು. ಎಷ್ಟು ರಿಲೀಸ್ ಸುರಿದರೂ ಇದಕ್ಕೆ ಮದ್ದಾಗದು. ಸಂಶಯವಿದ್ದರೆ ಮೂಲದ ಕಾಣದ ಮೂಲೆಯಲ್ಲಿ ಒಂದು ಹನಿ ಸಿಲಿಕೋನ್ ಹಾಕಿ ಗಟ್ಟಿಯಾಗುವುದೇ ನೋಡಿ.

ಅಚ್ಚಿನಲ್ಲಿ ಎರಕ ಹೊಯ್ಯುವಾಗ? ಮೇಣ, ಸೋಪು, ಪ್ಲಾಸ್ಟರ್‌ಗೆ ಬೇಡವೇ ಬೇಡ. ಪಾಲಿಯುರೆಥೇನ್, ಪಾಲಿಯೆಸ್ಟರ್, ಎಪಾಕ್ಸಿಯಂಥ ದ್ರವ ರೆಸಿನ್‌ಗಳು ಮಾತ್ರ ಎರಕದಿಂದ ಎರಕಕ್ಕೆ ಅಚ್ಚಿನ ಮೈಯನ್ನು ತಿನ್ನುತ್ತವೆ. ಮೊದಮೊದಲು ಪುಸಕ್ಕನೆ ಬಿಡುತ್ತಿದ್ದದ್ದು ಬರಬರುತ್ತ ಕಚ್ಚತೊಡಗುತ್ತದೆ, ಕೊನೆಗೆ ಸಿಲಿಕೋನ್ ಚೂರುಗಳನ್ನೇ ಕಿತ್ತು ತರುತ್ತದೆ. ಹತ್ತಾರು ಪ್ರತಿ ಬೇಕಿದ್ದರೆ ಮೊದಲಿನಿಂದಲೇ ತೆಳ್ಳಗೆ ಸಿಂಪಡಿಸಿ. ಗಾಜಿನಂತೆ ಹೊಳೆಯುವ ಎಪಾಕ್ಸಿ ತುಣುಕು ಒಂದೆರಡೇ ಸಾಕು ಎಂದಾದರೆ ನಾನಂತೂ ಹಚ್ಚುವುದಿಲ್ಲ, ಹೊಳಪು ಮಂಕಾಗುತ್ತದೆ. ಬಣ್ಣ ಬಳಿಯುವ ಉದ್ದೇಶವಿದ್ದರೆ ಎರಕವನ್ನು ಸೋಪುನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ. ಎಣ್ಣೆಯಂಶ ಉಳಿದ ಕಡೆ ಬಣ್ಣ ಕೂರದೆ, ಮೀನಿನ ಕಣ್ಣಿನಂಥ ಸಣ್ಣ ವೃತ್ತಗಳಾಗಿ ಹಿಂದೆ ಸರಿಯುತ್ತದೆ.