ಪೀಪಾಯಿಯ ಲೆಕ್ಕ, ಮೂಗಿನ ಲೆಕ್ಕ

ಸಿಂಗಲ್ ಮಾಲ್ಟ್ ಸ್ಕಾಚ್ ಎಂದರೆ ಮೊಳಕೆ ಬರಿಸಿದ ಬಾರ್ಲಿಯಿಂದ ಸ್ಕಾಟ್ಲೆಂಡಿನ ಒಂದೇ ಡಿಸ್ಟಿಲರಿಯಲ್ಲಿ ತಯಾರಾದ ವಿಸ್ಕಿ. ಅದರ ಬಾಟಲಿಯ ಮೇಲೆ 25 ಎಂದು ಬರೆದಿದ್ದರೆ, ಒಳಗಿನ ವಿಸ್ಕಿಯೆಲ್ಲ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 25 ವರ್ಷ ಕಳೆದಿರಬೇಕು. ಹಲವು ಪೀಪಾಯಿಗಳದ್ದನ್ನು ಬೆರೆಸಿದ್ದರೆ, ಅತಿ ಕಿರಿಯದರ ವಯಸ್ಸನ್ನೇ ಹಾಕಬೇಕೆಂಬುದು ಸ್ಕಾಟ್ಲೆಂಡಿನ ಕಟ್ಟಳೆ. ಬಾಟಲಿಗೆ ಇಳಿದ ಮೇಲೆ ವಯಸ್ಸು ಏರುವುದಿಲ್ಲ. ಕಪಾಟಿನಲ್ಲಿ ಮೂವತ್ತು ವರ್ಷ ಮಲಗಿದ್ದರೂ 12ರ ಬಾಟಲಿ 12ರದ್ದೇ. ಬಣ್ಣ ನೋಡಿ ವಯಸ್ಸು ಊಹಿಸುವುದೂ ಬೇಡ. ಸುಟ್ಟ ಸಕ್ಕರೆಯ ಬಣ್ಣ ಬೆರೆಸಲು ಅದೇ ಕಾನೂನು ಅನುಮತಿ ಕೊಟ್ಟಿದೆ.

ಧಾರವಾಡದಿಂದ ಬಂದು ಮಡಗಾಂವಿನಲ್ಲಿ ನೆಲೆಸಿರುವ ನಮ್ಮ ಭಾವನವರು ಇಂಥದೊಂದು ದುಬಾರಿ ಬಾಟಲಿ ತೆರೆದರು. ಗೋಡಂಬಿ ಹಣ್ಣಿನ ಫೆನಿಗೆ ಪಳಗಿದ ಮೂಗು ಅವರದು. ಲೋಟವನ್ನು ಮೂಗಿಗೆ ಹಿಡಿದವರೇ, "ಇದಕ್ಕೆ ವಾಸನೆಯೇ ಇಲ್ಲವಲ್ಲ!" ಎಂದು ತಗಾದೆ ತೆಗೆದರು. ತಗಾದೆ ನ್ಯಾಯವಾದದ್ದೇ. ಫೆನಿಯ ಗಾಢ ವಾಸನೆ ಹುಳಿಬಂದ ಹಣ್ಣಿನದು, ಬಾಗಿಲಲ್ಲೇ ಎದುರಾಗುತ್ತದೆ. ಹಳೆಯ ವಿಸ್ಕಿಯ ಪರಿಮಳದಲ್ಲಿ ಹೆಚ್ಚಿನ ಪಾಲು ಮರದ್ದು. ಅದು ಹೊರಬರಲು ಸಮಯ ಬೇಡುತ್ತದೆ.

ಮೊದಲ ಗುಟುಕಿಗೆ ನಾಲಿಗೆ ಉರಿಯಿತು. ಹಸಿಮೆಣಸಿನಕಾಯಿಯ ಖಾರವನ್ನು ಗುರುತಿಸುವ ಟಿಆರ್‌ಪಿವಿ1 ಎಂಬ ನರತುದಿಯ ಗ್ರಾಹಕ ಪ್ರೋಟೀನೇ ಇಲ್ಲಿಯೂ ಕೆಲಸ ಮಾಡುತ್ತದೆ. ಅದು ಸಾಮಾನ್ಯವಾಗಿ ಸುಮಾರು 42 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಎಚ್ಚರಗೊಳ್ಳುತ್ತದೆ. ಎಥನಾಲ್ ತಾಗಿದರೆ ಆ ಮಿತಿ 34ರ ಆಸುಪಾಸಿಗೆ ಇಳಿಯುತ್ತದೆ. ಆಗ ಬಾಯಿಯ ಸಹಜ ಬಿಸಿಯೇ ಉರಿಯಾಗಿ ತೋರುತ್ತದೆ.

ಕೆಲವು ಹನಿ ನೀರು ಬಿಟ್ಟು ಸ್ವಲ್ಪ ಹೊತ್ತು ಕಾದೆವು. ಭಾವನವರು ಮತ್ತೆ ಮೂಸಿ ನೋಡಿ, "ಒಣಕೊಬ್ಬರಿ ಬರುತ್ತಿದೆ, ಹೌದೋ ಅಲ್ಲವೋ?" ಎಂದರು. ಹೌದು. ಓಕ್ ಮರದಲ್ಲಿ ಲ್ಯಾಕ್ಟೋನ್ ಎಂಬ ವಸ್ತುವಿದೆ. ತೆಂಗಿನ ವಾಸನೆ ಅದರದೇ. ಮರದ ಲಿಗ್ನಿನ್ ಒಡೆದು ವೆನಿಲಿನ್ ಹುಟ್ಟುತ್ತದೆ, ಅದೇ ವೆನಿಲಾ ಪರಿಮಳ. ಪೀಪಾಯಿಯ ಒಳಮೈಯನ್ನು ಸುಟ್ಟಿದ್ದರೆ ಆ ಇದ್ದಿಲ ಪದರ ಗಂಧಕದ ಕೆಟ್ಟ ವಾಸನೆಯನ್ನು ಹೀರಿಕೊಳ್ಳುತ್ತದೆ. ಸ್ಕಾಟ್ಲೆಂಡಿನವರು ಬಳಸುವ ಪೀಪಾಯಿಗಳಲ್ಲಿ ಬಹುಪಾಲು ಅಮೆರಿಕದ ಬೂರ್ಬನ್ ವಿಸ್ಕಿ ತುಂಬಿ ಖಾಲಿಯಾದವು. ಬೂರ್ಬನ್‌ಗೆ ಹೊಸ ಪೀಪಾಯಿಯೇ ಆಗಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಒಮ್ಮೆ ಕುದಿಸಿದ ಚಹಾ ಪುಡಿಯನ್ನು ಮತ್ತೆ ಕುದಿಸಿದಂತೆ, ಬಳಸಿದ ಮರ ಸಾರವನ್ನು ನಿಧಾನಕ್ಕೆ ಬಿಡುತ್ತದೆ. ವರ್ಷಗಟ್ಟಲೆ ಕಾಯಲು ಇದೂ ಒಂದು ಕಾರಣ.

ನೀರು ಬೆರೆಸುವುದು ಮಹಾಪಾಪ ಎನ್ನುವ ಪಂಡಿತರು ನಮ್ಮಲ್ಲಿ ಬಹಳ. ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರ್ ಮಾದರಿಯೊಂದರಲ್ಲಿ ಇದನ್ನು ಪರೀಕ್ಷಿಸಿದರು. ಹೊಗೆವಾಸನೆ ಕೊಡುವ ಗ್ವಾಯಕಾಲ್ ಅಣುಗಳು ಆಲ್ಕೋಹಾಲ್ ಶೇ. 45ರವರೆಗೆ ಇರುವಾಗ ದ್ರವದ ಮೇಲ್ಮೈಯಲ್ಲಿ ಸೇರುತ್ತವೆ, ಶೇ. 59 ದಾಟಿದರೆ ಎಥನಾಲ್ ಅಣುಗಳು ಸುತ್ತುವರಿದು ಒಳಗೇ ಇರಿಸಿಕೊಳ್ಳುತ್ತವೆ. ಪೀಪಾಯಿಯಿಂದ ನೇರವಾಗಿ ತುಂಬಿದ ಖಡಕ್ ವಿಸ್ಕಿಗೆ ನೀರು ಬೀಳಲೇಬೇಕು ಎಂಬುದು ನನ್ನ ಪಕ್ಷ.

ಇನ್ನು ಆ 25ರ ವಿಚಾರ. ಪೀಪಾಯಿಯ ಮರದ ಮೂಲಕ ಮದ್ಯ ಆವಿಯಾಗುತ್ತಲೇ ಇರುತ್ತದೆ. ಸ್ಕಾಟ್ಲೆಂಡಿನ ತಂಪಿನಲ್ಲಿ ವರ್ಷಕ್ಕೆ ಸುಮಾರು ಶೇ. 2ರಷ್ಟು ಹೋಗುತ್ತದೆ, ಅಲ್ಲಿನವರು ಇದನ್ನು ದೇವತೆಗಳ ಪಾಲು ಎನ್ನುತ್ತಾರೆ. ಮಡಗಾಂವಿನಿಂದ ಕಾರವಾರದ ದಾರಿ ಹಿಡಿದರೆ ಸಿಗುವ ಕುಂಕಳ್ಳಿಯಲ್ಲಿ ಪಾಲ್ ಜಾನ್ ಸಿಂಗಲ್ ಮಾಲ್ಟ್ ತಯಾರಾಗುತ್ತದೆ. ಅಲ್ಲಿನ ಸೆಕೆಯಲ್ಲಿ ದೇವತೆಗಳ ಪಾಲು ಸುಮಾರು ಶೇ. 8. ಲೆಕ್ಕ ಹಾಕಿ ನೋಡಿ: 200 ಲೀಟರ್ ತುಂಬಿಟ್ಟರೆ 25 ವರ್ಷದ ನಂತರ ಸ್ಕಾಟ್ಲೆಂಡಿನಲ್ಲಿ ಸುಮಾರು 120 ಲೀಟರ್ ಉಳಿಯುತ್ತದೆ, ಕುಂಕಳ್ಳಿಯಲ್ಲಿ 25. ಸೆಕೆಗೆ ಮರದ ಸಾರವೂ ಬೇಗ ಇಳಿಯುವುದರಿಂದ, ಅಷ್ಟು ವರ್ಷ ಬಿಟ್ಟರೆ ಉಳಿದದ್ದು ಕಷಾಯದಂತೆ ಕಹಿಯಾದೀತು. ಗೋವಾದಲ್ಲಾಗಲಿ, 2004ರಲ್ಲಿ ಗ್ಲಾಸ್ಗೋದಲ್ಲಿ ಮಾರುಕಟ್ಟೆಗೆ ಬಂದ ಬೆಂಗಳೂರಿನ ಸಿಂಗಲ್ ಮಾಲ್ಟ್ ಅಮೃತ್‌ನಲ್ಲಾಗಲಿ ಹೆಚ್ಚಿನ ಬಾಟಲಿಗಳ ಮೇಲೆ ವಯಸ್ಸು ಕಾಣದಿರುವುದು ಸಹಜವೇ. 25 ಎಂಬುದು ಕಾಲದ ಅಳತೆ ಎಷ್ಟೋ, ಚಳಿಯ ಅಳತೆಯೂ ಅಷ್ಟೇ.

ಆದರೂ ಹಣ ಸುರಿಯುವುದು ಅಂಕಿಗೇ. 2017ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್ ಹೋಟೆಲೊಂದರಲ್ಲಿ ಚೀನಾದ ಅತಿಥಿಯೊಬ್ಬರು 1878ರ ಮೆಕ್ಯಾಲನ್ ಸಿಂಗಲ್ ಮಾಲ್ಟ್ ಎಂದು ನಂಬಿ ಎರಡು ಸೆಂಟಿಲೀಟರಿಗೆ 9,999 ಫ್ರಾಂಕ್ ಕೊಟ್ಟರು. ಬಾಟಲಿಯ ಚಿತ್ರ ನೋಡಿದ ಬಲ್ಲವರಿಗೆ ಸಂಶಯ ಬಂದು, ಮಾದರಿ ಪ್ರಯೋಗಾಲಯಕ್ಕೆ ಹೋಯಿತು. ಬಾರ್ಲಿ ಬೆಳೆಯುವಾಗ ಗಾಳಿಯ ಇಂಗಾಲವನ್ನು ಹೀರುತ್ತದೆ. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳು ಗಾಳಿಯಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲದ ಪ್ರಮಾಣವನ್ನು ವಿಪರೀತ ಏರಿಸಿದ್ದವು. ಆ ಗುರುತು ವಿಸ್ಕಿಯಲ್ಲೂ ಉಳಿಯುತ್ತದೆ. ಆಕ್ಸ್‌ಫರ್ಡ್‌ನ ಪರೀಕ್ಷೆ ಹೇಳಿದ ಪ್ರಕಾರ ಆ ಮದ್ಯ ಬಹುತೇಕ 1970ರಿಂದ 1972ರ ನಡುವೆ ತಯಾರಾದದ್ದು. ಸಿಂಗಲ್ ಮಾಲ್ಟ್ ಕೂಡ ಅಲ್ಲ, ಬೆರಕೆ ಸ್ಕಾಚ್. ಹೋಟೆಲಿನವರು ಚೀನಾಕ್ಕೇ ಹೋಗಿ ಹಣ ಮರಳಿಸಿದರು.