ಮೊಣಕೈಗೆ ದಿನಕ್ಕೆಷ್ಟು ಎಸೆತ?

ಜೂನ್ ಕೊನೆಗೆ ನ್ಯೂಜೆರ್ಸಿಯಲ್ಲಿ ಶಾಲೆ ಮುಗಿಯಿತೆಂದರೆ ನಮ್ಮ ಬೇಸ್‌ಬಾಲ್ ಕ್ಯಾಂಪ್ ಶುರು. ಬೆಳಗ್ಗೆ ಮಕ್ಕಳನ್ನು ಬಿಡಲು ಬರುವ ಅಪ್ಪಂದಿರು, ಅದರಲ್ಲೂ ನಮ್ಮ ಕಡೆಯವರು, ಕೇಳುವುದು ಒಂದೇ: "ಸರ್, ಇವನ ಸ್ಪೀಡ್ ಜಾಸ್ತಿ ಮಾಡೋಕಾಗುತ್ತಾ?" ಆಗುತ್ತೆ. ಆದರೆ ಅದಕ್ಕೂ ಮೊದಲು ನಾನು ಹುಡುಗನನ್ನು ಕೇಳುತ್ತೇನೆ: ಶನಿವಾರ, ಭಾನುವಾರ ಎಷ್ಟು ಎಸೆದೆಯಪ್ಪಾ?

ಇಲ್ಲಿನ ಹನ್ನೆರಡರ ಹುಡುಗ ಒಂದೇ ತಂಡಕ್ಕೆ ಆಡುವುದು ಅಪರೂಪ. ಊರಿನ ಲೀಗ್ ಒಂದು, ವಾರಾಂತ್ಯದ ಟೂರ್ನಮೆಂಟ್‌ಗೆ ಟ್ರಾವೆಲ್ ಟೀಮ್ ಇನ್ನೊಂದು, ವಾರದ ಮಧ್ಯೆ ನಮ್ಮ ಕ್ಯಾಂಪ್. ಮೂವರು ಕೋಚ್‌ಗಳೂ ತಮ್ಮ ತಮ್ಮ ಲೆಕ್ಕ ಪ್ರಾಮಾಣಿಕವಾಗಿಯೇ ಇಡುತ್ತಾರೆ. ಮೂರನ್ನೂ ಕೂಡಿಸುವವರು ಯಾರೂ ಇಲ್ಲ.

ನಿಯಮಗಳಿಗೇನೂ ಕೊರತೆಯಿಲ್ಲ. ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟಲ್ ಲೀಗ್ 2007ರಲ್ಲೇ ಇನಿಂಗ್ಸ್ ಲೆಕ್ಕ ಬಿಟ್ಟು ಎಸೆತಗಳ ಲೆಕ್ಕಕ್ಕೆ ಬಂತು. 2014ರಲ್ಲಿ ವೃತ್ತಿಪರರ ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಈ ಆಟದ ರಾಷ್ಟ್ರೀಯ ಆಡಳಿತ ಸಂಸ್ಥೆ ಯುಎಸ್‌ಎ ಬೇಸ್‌ಬಾಲ್ ಸೇರಿ 'ಪಿಚ್ ಸ್ಮಾರ್ಟ್' ಸೂಚಿ ತಂದವು. ಅದರ ಪ್ರಕಾರ 9–10 ವಯಸ್ಸಿನವರಿಗೆ ದಿನಕ್ಕೆ ಹೆಚ್ಚೆಂದರೆ 75 ಪಿಚ್ (ಬ್ಯಾಟ್ ಹಿಡಿದವನಿಗೆ ಪಿಚರ್ ಎಸೆಯುವ ಎಸೆತ), 11–12ರವರಿಗೆ 85. 66 ಮುಟ್ಟಿದರೆ ನಾಲ್ಕು ದಿನ ಬಿಡುವು. ಕ್ರಿಕೆಟ್ ನೋಡಿ ಬೆಳೆದ ಅಪ್ಪಂದಿರಿಗೆ ಈ ಅಂಕಿ ಸುಮ್ಮನೆ ಹೇಳಿದರೆ ತಲೆಗೆ ಹೋಗುವುದಿಲ್ಲ. "85 ಅಂದ್ರೆ ಹದಿನಾಲ್ಕು ಓವರ್ ಸ್ವಾಮಿ, ಎಲ್ಲಾ ಫುಲ್ ಸ್ಪೀಡಲ್ಲಿ" ಅಂದಾಗ ಮುಖ ಬದಲಾಗುತ್ತದೆ.

ಅದೂ ಪಂದ್ಯದ ಪಿಚ್‌ಗಳು ಮಾತ್ರ. ವಾರ್ಮ್‌ಅಪ್, ಶಾರ್ಟ್‌ಸ್ಟಾಪ್‌ನಲ್ಲಿ (ಎರಡನೇ, ಮೂರನೇ ಬೇಸ್ ನಡುವೆ) ಫೀಲ್ಡಿಂಗ್‌ಗೆ ನಿಂತು ಫಸ್ಟ್ ಬೇಸ್‌ಗೆ ಎಸೆದದ್ದು, ಸಂಜೆ ಮನೆ ಹಿತ್ತಲಲ್ಲಿ ಅಪ್ಪನ ಜೊತೆ ಎಸೆದದ್ದು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಕ್ಯಾಚರ್ (ಕ್ರಿಕೆಟ್‌ನ ಕೀಪರ್ ಇದ್ದ ಹಾಗೆ) ಆದವನು ಪ್ರತಿ ಪಿಚ್‌ಗೂ ಚೆಂಡು ವಾಪಸ್ ಎಸೆಯಬೇಕು. ಅದಕ್ಕೇ ಲಿಟಲ್ ಲೀಗ್‌ನಲ್ಲಿ 41 ಪಿಚ್ ಎಸೆದ ಹುಡುಗ ಅಂದು ಕ್ಯಾಚರ್ ಆಗುವಂತಿಲ್ಲ. ನನಗೆ ಕೇಳಿದರೆ ಇಡೀ ನಿಯಮ ಪುಸ್ತಕದಲ್ಲಿ ತುಂಬ ವಿವೇಕದ ಸಾಲು ಇದೇ.

ಮೊಣಕೈ ಒಳಮಗ್ಗುಲಲ್ಲಿ, ಮೈ ಕಡೆಗೆ, ಒಂದು ಮೂಳೆಯ ಗಂಟು ಕೈಗೆ ಸಿಗುತ್ತದೆ. ಎಸೆಯುವಾಗ ಸ್ನಾಯು, ಅಸ್ಥಿರಜ್ಜು (ಲಿಗಮೆಂಟ್) ಎರಡೂ ಅದನ್ನೇ ಹಿಡಿದು ಎಳೆಯುತ್ತವೆ. ಎಳೆಯ ಮಕ್ಕಳಲ್ಲಿ ಆ ಗಂಟು ಮೂಳೆಗೆ ಪೂರ್ತಿ ಕೂಡಿಕೊಂಡಿರುವುದಿಲ್ಲ, ನಡುವೆ ಬೆಳೆಯುತ್ತಿರುವ ಮೃದ್ವಸ್ಥಿ (ಕಾರ್ಟಿಲೇಜ್) ಇರುತ್ತದೆ. ದೊಡ್ಡವರಲ್ಲಿ ಅತಿಯಾದರೆ ಅಸ್ಥಿರಜ್ಜು ಹರಿಯುತ್ತದೆ, 1974ರಲ್ಲಿ ಡಾ. ಫ್ರಾಂಕ್ ಜೋಬ್ ಪಿಚರ್ ಟಾಮಿ ಜಾನ್‌ಗೆ ಮಾಡಿದ ಶಸ್ತ್ರಚಿಕಿತ್ಸೆ ಅದಕ್ಕೇ. ಮಕ್ಕಳಲ್ಲಿ ಅಸ್ಥಿರಜ್ಜುವಿಗಿಂತ ಮೊದಲು ಸೋಲುವುದು ಈ ಮೃದ್ವಸ್ಥಿ. ಡಾಕ್ಟರುಗಳು 'ಲಿಟಲ್ ಲೀಗ್ ಎಲ್ಬೋ' ಅನ್ನುವುದು ಇದನ್ನೇ.

ನೋವಿದೆಯಾ ಅಂದರೆ ಯಾವ ಹುಡುಗನೂ ಹೌದು ಅನ್ನುವುದಿಲ್ಲ, ಅಂದರೆ ಬೆಂಚಿನ ಮೇಲೆ ಕೂರಿಸುತ್ತಾರೆ ಅಂತ ಗೊತ್ತು. ಹಾಗಾಗಿ ನಾನು ಕೇಳುವುದಕ್ಕಿಂತ ನೋಡುವುದು ಹೆಚ್ಚು. ಸುಸ್ತಾದವನ ಮೊಣಕೈ ಭುಜದ ಮಟ್ಟದಿಂದ ಕೆಳಗಿಳಿಯುತ್ತದೆ. ಕ್ಯಾಚರ್ ಎದೆಮಟ್ಟಕ್ಕೆ ಬರುತ್ತಿದ್ದ ಚೆಂಡು ತಲೆಯ ಮೇಲೆ ಹೋಗತೊಡಗುತ್ತದೆ. ಎರಡು ಎಸೆತದ ನಡುವೆ ಶೂ ಲೇಸ್ ಕಟ್ಟುವ ನೆಪ. ಟೋಪಿ ಸರಿಮಾಡುವಂತೆ ಕೈ ಎತ್ತಿ, ಇಳಿಸುವಾಗ ಮೊಣಕೈಯನ್ನು ಒಮ್ಮೆ ಉಜ್ಜಿಕೊಳ್ಳುತ್ತಾನೆ. ಅಲ್ಲಿಗೆ ಆ ದಿನದ ಪಿಚಿಂಗ್ ಮುಗೀತು. ಲೆಕ್ಕ 30 ಇದ್ದರೂ ಸರಿ. ಬೆರಳಿಂದ ಆ ಗಂಟು ಒತ್ತಿದಾಗ ಮುಖ ಕಿವಿಚಿದರೆ ಐಸ್ ಇಟ್ಟು ಮರುದಿನ ಆಡಿಸುವ ಮಾತೇ ಇಲ್ಲ, ಮಕ್ಕಳ ಮೂಳೆ ಡಾಕ್ಟರ ಹತ್ತಿರ ಹೋಗಬೇಕು.

ಕರ್ವ್ ಬಾಲ್ (ತಿರುವಿ ಬಾಗಿಸುವ ಎಸೆತ) ಹೇಳಿಕೊಡಿ ಅಂತ ಮಕ್ಕಳೇ ದುಂಬಾಲು ಬೀಳುತ್ತಾರೆ. ಹನ್ನೆರಡರೊಳಗೆ ಫಾಸ್ಟ್ ಬಾಲ್, ಚೇಂಜ್‌ಅಪ್ (ಅದೇ ಕೈಬೀಸಿನಲ್ಲಿ ನಿಧಾನದ ಎಸೆತ) ಸಾಕು. ಪಿಚಿಂಗ್ ನಿಂತವನಿಗೆ ಕೆಲಸವೇನೂ ಕಮ್ಮಿಯಿಲ್ಲ: ಬಂಟ್ ಮಾಡುವುದು (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟುವುದು), ಬೇಸ್ ತಿರುಗಿ ಓಡುವುದು. ಕ್ರಿಕೆಟ್ ಮನೆಯಿಂದ ಬಂದ ಮಕ್ಕಳಿಗಂತೂ ಗ್ಲೌಸ್ ಇದ್ದರೂ ಚೆಂಡು ಹಿಡಿಯಲು ಬರಿಗೈ ಮುಂದೆ ಹೋಗುವ ಅಭ್ಯಾಸ. ಅದನ್ನು ಬಿಡಿಸುವುದೇ ಒಂದು ವಾರದ ಕೆಲಸ.

ವರ್ಷದಲ್ಲಿ ನಾಲ್ಕು ತಿಂಗಳು ಎಸೆತವೇ ಬೇಡ, ಅದರಲ್ಲಿ ಎರಡು-ಮೂರು ತಿಂಗಳು ಒಟ್ಟಿಗೇ ಇರಲಿ ಅನ್ನುತ್ತದೆ ಪಿಚ್ ಸ್ಮಾರ್ಟ್. ಆಗ ಕ್ರಿಕೆಟ್ ಆಡಿಸಬಹುದಾ ಅಂತ ಕೇಳುತ್ತಾರೆ. ಬ್ಯಾಟಿಂಗ್ ಧಾರಾಳವಾಗಿ ಆಡಲಿ. ಬೌಲಿಂಗೂ ಬೇಡ, ಬೌಂಡರಿಯಲ್ಲಿ ನಿಲ್ಲಿಸಿ ಕೀಪರ್‌ಗೆ ಥ್ರೋ ಮಾಡಿಸುವುದೂ ಬೇಡ.